ಇಂಚಿನ ಲೆಕ್ಕ, ಗೆರೆಯ ಲೆಕ್ಕ

ಮೊನ್ನೆ ಅಮ್ಮನ ಕೋಣೆಗೊಂದು ಅಗ್ಗದ ಟೀವಿ ಬೇಕೆಂದು ಲಜಪತ್ ರಾಯ್ ಮಾರ್ಕೆಟ್ಟಿಗೆ ಹೋಗಿದ್ದೆ. ಕೆಂಪುಕೋಟೆಯ ಎದುರಿಗಿದೆಯಲ್ಲ, ಅದೇ. "ಕಿತ್ನೇ ಇಂಚ್ ಕಾ?" ಎಂದ ಅಂಗಡಿಯವನು. 1982ರಲ್ಲೂ ಇದೇ ಪ್ರಶ್ನೆ ಕೇಳಿಸಿಕೊಂಡಿದ್ದೆ.

ಭಾರತದ ಟೀವಿ ಹುಟ್ಟಿದ್ದೇ ನಮ್ಮ ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ದಿನವೂ ಪ್ರಸಾರ ಶುರುವಾದದ್ದು 1965ರಲ್ಲಿ. ಬಣ್ಣ ಬಂದದ್ದು 1982ರಲ್ಲಿ, ಏಷ್ಯಾಡ್ ನೆಪದಲ್ಲಿ. ಆಗ ಚಿತ್ರಕ್ಕೆ 625 ಗೆರೆ, ಕಾಣುತ್ತಿದ್ದದ್ದು 576. ಸೆಟ್ಟು ಚಿಕ್ಕದಿರಲಿ ದೊಡ್ಡದಿರಲಿ, ಅಷ್ಟೇ. ಹಾಗಾಗಿ ಇಂಚು ಕೇಳಿದರೆ ಸಾಕಿತ್ತು.

ಈಗ ಹಾಗಲ್ಲ. 32 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಅಗಲದ ಪರದೆಯಾದ್ದರಿಂದ ಎತ್ತರ 16 ಇಂಚೂ ಇಲ್ಲ. ಹಳೆಯ ಆಕಾರದ 26 ಇಂಚಿನ ಪರದೆಗೂ ಅಷ್ಟೇ ಎತ್ತರ! ಇನ್ನು 'ಎಚ್‌ಡಿ ರೆಡಿ' ಎಂದರೆ ಸಾಮಾನ್ಯವಾಗಿ 768 ಸಾಲು ಚುಕ್ಕಿ, 'ಫುಲ್ ಎಚ್‌ಡಿ' ಎಂದರೆ 1080. "ಫುಲ್ಲೇ ತಗೊಳ್ಳಿ, ಮಾತಾಜಿಗೆ ಅಕ್ಷರ ಚೆನ್ನಾಗಿ ಕಾಣುತ್ತೆ" ಎಂದ.

ಅಮ್ಮನಿಗೆ ಬೇಕಾದದ್ದು ಕನ್ನಡ ವಾರ್ತೆಯ ಕೆಳಗೆ ಓಡುವ ಸಾಲು. ಅವಳ ಮಂಚ ಎಂಟಡಿ ದೂರ. 32 ಇಂಚಿನ ಪರದೆಯನ್ನು ಅಷ್ಟು ದೂರದಿಂದ ನೋಡಿದರೆ ಒಳ್ಳೆಯ ಕಣ್ಣಿಗೂ ಆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಚುಕ್ಕಿ ಹೆಚ್ಚಿದ ಮಾತ್ರಕ್ಕೆ ಅಕ್ಷರ ದೊಡ್ಡದಾಗುತ್ತದೆಯೇ?

ಎಚ್‌ಡಿ ರೆಡಿಯನ್ನೇ ತಂದೆ. ಮಂಚವನ್ನು ಮೂರಡಿ ಮುಂದಕ್ಕೆಳೆದೆ.

"ಈಗ ಓದೋಕಾಗ್ತಿದೆ ಕಣೋ" ಎಂದಳು ಅಮ್ಮ. ಉಳಿದ ದುಡ್ಡು ಅವಳ ಹೊಸ ಕನ್ನಡಕಕ್ಕೆ. ಏನಂತೀರಿ?