ಕೊಚ್ಚಿಯ ಪ್ರಶ್ನೆಗೆ ಕೈರೋದ ಉತ್ತರ

ಮದುವೆ ಮಾತುಕತೆಗೆ ಕುಳಿತಾಗ ಹುಡುಗನ ಓದನ್ನು ಕೇಳುವ ಮೊದಲೇ "ಖಾನ್‌ದಾನ್ ಯಾವುದು?" ಎಂದು ಕೇಳುವುದನ್ನು ನೀವೂ ನೋಡಿರಬಹುದು. ಸುಮಾರು ಐನೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ಕೊಚ್ಚಿಯ ಯಹೂದಿಗಳಿಂದ ಕೈರೋ ನಗರಕ್ಕೆ ಹೋಯಿತು. ಉತ್ತರ ಬರೆದವರು ಯಹೂದಿ ಧರ್ಮಶಾಸ್ತ್ರದ ದೊಡ್ಡ ವಿದ್ವಾಂಸರಾದ ದಾವೀದ್ ಇಬ್ನ್ ಝಿಮ್ರಾ.

ಇವರು ಸುಮಾರು 1479ರಲ್ಲಿ ಸ್ಪೇನಿನಲ್ಲಿ ಹುಟ್ಟಿದವರು. 1492ರಲ್ಲಿ ಅಲ್ಲಿನ ಕ್ರೈಸ್ತ ಅರಸರು ಯಹೂದಿಗಳನ್ನೆಲ್ಲ ಹೊರಹಾಕಿದಾಗ ಇನ್ನೂ ಹುಡುಗ. ನೆಲೆ ಸಿಕ್ಕಿದ್ದು ಮುಸ್ಲಿಂ ಸುಲ್ತಾನರ ನಾಡಿನಲ್ಲಿ: ಮೊದಲು ಪ್ಯಾಲೆಸ್ಟೈನಿನ ಸಫೆದ್, ನಂತರ ಕೈರೋ. 1517ರಲ್ಲಿ ಉಸ್ಮಾನಿ ತುರ್ಕರು ಈಜಿಪ್ಟನ್ನು ಗೆದ್ದ ಮೇಲೆ ಅಲ್ಲಿನ ಯಹೂದಿಗಳಿಗೆ ಇವರೇ ಹಿರಿಯರಾದರು. ಮುಫ್ತಿಗಳ ಫತ್ವಾಗಳಂತೆ ಇವರು ಜನರ ಪ್ರಶ್ನೆಗಳಿಗೆ ಬರೆದ ಉತ್ತರಗಳು ಎರಡು ಸಾವಿರಕ್ಕೂ ಹೆಚ್ಚು. 1573ರಲ್ಲಿ ಸಫೆದ್‌ನಲ್ಲಿ ತೀರಿಕೊಂಡರು.

ಕೊಚ್ಚಿಯ ಪತ್ರದಲ್ಲಿದ್ದ ವಿಷಯ ಇಷ್ಟು: ಅಲ್ಲಿ ಸುಮಾರು 900 ಯಹೂದಿ ಮನೆಗಳಿವೆ. ಅವುಗಳಲ್ಲಿ 100 ಮನೆಯವರು ತಾವು ಮಾತ್ರ ಕುಲೀನರೆಂದು ಹೇಳಿಕೊಂಡು, ಸಿರಿವಂತರೂ ದೇವಭಕ್ತರೂ ಆದ ಉಳಿದವರನ್ನು ದಾಸರೆಂದು ಕರೆಯುತ್ತಾರೆ, ಹೆಣ್ಣು ಕೊಟ್ಟು ತರುವುದಿಲ್ಲ. ಯಹೂದಿ ಶಾಸ್ತ್ರದಂತೆ ದಾಸರಿಗೆ ಬಿಡುಗಡೆಯ ಪತ್ರ ಬರೆದುಕೊಡಬೇಕು. ಅದು ಆಗಿದೆಯೋ ಇಲ್ಲವೋ ಎಂಬುದೇ ಜಗಳದ ಬೇರು. ಇಬ್ನ್ ಝಿಮ್ರಾ ಪೂರ್ವಿಕರ ಲೆಕ್ಕ ಕೆದಕುತ್ತಾ ಕೂರಲಿಲ್ಲ. ಸಂಶಯವಿದ್ದರೆ ಪತ್ರ ಕೊಡಿ, ವಿಧಿಯಂತೆ ಸ್ನಾನ ಮಾಡಿಸಿ. ಆಮೇಲೆ ಅವರು ಪೂರ್ಣ ಯಹೂದಿಗಳು, ಮದುವೆಗೂ ಅಡ್ಡಿಯಿಲ್ಲ ಎಂದರು.

ಇಂಥದೊಂದು ಪತ್ರ ನಮ್ಮ ಕರ್ನಾಟಕದಲ್ಲೇ ಬರೆಯಲ್ಪಟ್ಟಿದೆ ಎಂದರೆ ನಂಬುವಿರಾ? ಹುಣಸೂರಿನಿಂದ ನಾವು ಮಡಿಕೇರಿ ಮಾರ್ಗವಾಗಿ ಹೋಗುವ ಅದೇ ಮಂಗಳೂರಿನಲ್ಲಿ, 1132ರ ಅಕ್ಟೋಬರ್ 17ರಂದು, ಟುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು ತನ್ನ ದಾಸಿ ಅಶು ಎಂಬಾಕೆಗೆ ಬಿಡುಗಡೆಯ ಪತ್ರ ಕೊಟ್ಟ. ಆತನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರ ಅಭಿಪ್ರಾಯ. ಅಕ್ಷರವಿರುವ ಕಾಗದವನ್ನು ಕಸಕ್ಕೆ ಎಸೆಯಬಾರದೆಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಯಹೂದಿಗಳಲ್ಲೂ ಅದೇ ರೂಢಿ. ಹಾಗಾಗಿ ಆ ಪತ್ರ ಕೈರೋದ ಹಳೆಯ ಪ್ರಾರ್ಥನಾಲಯದ ಕಾಗದದ ರಾಶಿಯಲ್ಲಿ ಉಳಿಯಿತು.

ಆದರೆ ಕೊಚ್ಚಿಯವರು ಉತ್ತರ ಓದಿಯೂ ಬದಲಾಗಲಿಲ್ಲ. ಅಲ್ಲಿನ ಪರದೇಸಿ ಸಿನಗಾಗ್‌ನಲ್ಲಿ ದಾಸ್ಯದಿಂದ ಬಿಡುಗಡೆಯಾದವರ ವಂಶಸ್ಥರು ನೆಲದಲ್ಲೇ ಕೂರಬೇಕಿತ್ತು. ಅದೇ ವಂಶದ ವಕೀಲ ಎ. ಬಿ. ಸೇಲಂ ಇಪ್ಪತ್ತನೆಯ ಶತಮಾನದಲ್ಲಿ ಗಾಂಧೀಜಿಯವರ ಹಾದಿ ಹಿಡಿದು ಒಳಗೇ ಸತ್ಯಾಗ್ರಹ ಹೂಡಿದರು. ಕೂರಲು ಜಾಗ ಸಿಕ್ಕಿತು. ಮದುವೆಯ ವಿಷಯ ಮಾತ್ರ ಹಾಗೆಯೇ ಉಳಿದಿತ್ತು. 1950ರಲ್ಲಿ ಅವರ ಮಗ ಪರದೇಸಿ ಮನೆತನದ ಹುಡುಗಿಯನ್ನು ಮದುವೆಯಾಗಲು ಮುಂಬಯಿಗೆ ಹೋಗಬೇಕಾಯಿತು.