ಫಿಂಕೆನ್‌ವಾಲ್ಡೆಯ ಸಹಜೀವನ: ಹಳೆಯ ಶಿಸ್ತು, ಹೊಸ ಸಮುದಾಯ

ಸಭಾಜೀವಿತವು ಬತ್ತಿದಂತೆ ತೋರುವಾಗ ಅದರ ನವೀಕರಣಕ್ಕಾಗಿ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ. ಪೂರ್ವಿಕರ ಆರಾಧನಾ ಕ್ರಮಕ್ಕೂ ಶಿಸ್ತಿಗೂ ಹಿಂದಿರುಗಬೇಕೆಂದು ಕೆಲವರು ಹೇಳುತ್ತಾರೆ. ಕಾಲಕ್ಕೆ ತಕ್ಕ ಹೊಸ ಕೂಟಗಳನ್ನು ಕಟ್ಟಬೇಕೆಂದು ಮತ್ತೆ ಕೆಲವರು ಹೇಳುತ್ತಾರೆ. ಈ ಎರಡು ಮಾರ್ಗಗಳು ಒಂದೇ ಮನೆಯೊಳಗೆ ಕೂಡಿಬಂದ ಪ್ರಸಂಗವೊಂದು ಇಪ್ಪತ್ತನೆಯ ಶತಮಾನದ ಸಭಾಚರಿತ್ರೆಯಲ್ಲಿದೆ. ಆ ಮನೆಯು ಒಂದು ದೇವಜ್ಞಾನ ಶಾಲೆಯೇ ಆಗಿದ್ದುದರಿಂದ ಅದರ ಕಥೆಯು ನಮಗೆ ವಿಶೇಷವಾಗಿ ಸಂಬಂಧಿಸಿದ್ದಾಗಿದೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಪ್ರಾಟೆಸ್ಟಂಟ್ ಸಭೆಯಲ್ಲಿ ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡವು ಪ್ರಬಲವಾಯಿತು. ಯೆಹೂದ್ಯ ಮೂಲದವರನ್ನು ಸಭಾಸೇವೆಯಿಂದ ಹೊರಗಿಡಬೇಕೆಂದು ಅದು ಒತ್ತಾಯಿಸಿತು. ಇದನ್ನು ಒಪ್ಪದವರು 1934ರ ಮೇ ತಿಂಗಳಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಕೂಡಿ, ಯೇಸು ಕ್ರಿಸ್ತನೊಬ್ಬನೇ ಸಭೆಯ ಕರ್ತನೆಂದು ಘೋಷಿಸಿದರು. ಹೀಗೆ ರೂಪುಗೊಂಡ ‘ಅರಿಕೆಯ ಸಭೆ’ಗೆ ತನ್ನದೇ ಆದ ಸಭಾಪಾಲಕರನ್ನು ತರಬೇತುಗೊಳಿಸುವ ಶಾಲೆಗಳು ಬೇಕಾದವು. ಅವುಗಳಲ್ಲಿ ಒಂದರ ಹೊಣೆಯನ್ನು ಆಗ ಲಂಡನ್ನಿನ ಜರ್ಮನ್ ಸಭೆಗಳಲ್ಲಿ ಸೇವೆ ಮಾಡುತ್ತಿದ್ದ ಡೀಟ್ರಿಶ್ ಬಾನ್‌ಹಾಫರ್ ವಹಿಸಿಕೊಂಡರು. ಅವರಿಗೆ ಆಗ 29 ವರ್ಷ.

ಅವರ ಮನಸ್ಸಿನಲ್ಲಿ ಒಂದು ವಿಚಾರವು ಈಗಾಗಲೇ ಬೇರೂರಿತ್ತು. 1935ರ ಜನವರಿಯಲ್ಲಿ ಅಣ್ಣ ಕಾರ್ಲ್ ಫ್ರೀಡ್ರಿಶ್‌ಗೆ ಬರೆದ ಪತ್ರದಲ್ಲಿ, ಸಭೆಯ ನವೀಕರಣವು ಒಂದು ಹೊಸ ಬಗೆಯ ಸನ್ಯಾಸಜೀವನದಿಂದ ಬರುವುದೆಂದೂ, ಪರ್ವತಪ್ರಸಂಗವನ್ನು ರಾಜಿಯಿಲ್ಲದೆ ಅನುಸರಿಸುವುದೇ ಅದರ ಲಕ್ಷಣವೆಂದೂ ಅವರು ತಿಳಿಸಿದ್ದರು. ಸಹಜೀವನವನ್ನೂ ಅಹಿಂಸಾತ್ಮಕ ಪ್ರತಿರೋಧವನ್ನೂ ಹತ್ತಿರದಿಂದ ಅರಿಯಲು ಅವರು ಭಾರತಕ್ಕೆ ಬರಲು ಆಶಿಸಿದ್ದರು. ಗಾಂಧೀಜಿಯವರು 1934ರ ನವೆಂಬರ್ 1ರಂದು ಪತ್ರ ಬರೆದು ಅವರನ್ನು ಆಹ್ವಾನಿಸಿಯೂ ಇದ್ದರು. ಶಾಲೆಯ ಕರೆ ಬಂದುದರಿಂದ ಆ ಪ್ರಯಾಣವು ನಡೆಯಲಿಲ್ಲ. ಅದರ ಬದಲು ಅವರು ಇಂಗ್ಲೆಂಡಿನ ಮಿರ್‌ಫೀಲ್ಡ್, ಕೆಲ್ಹಮ್ ಮೊದಲಾದ ಆಂಗ್ಲಿಕನ್ ಮಠಗಳನ್ನು ಸಂದರ್ಶಿಸಿ ಅಲ್ಲಿನ ಪ್ರಾರ್ಥನಾ ಕ್ರಮವನ್ನು ಕಂಡರು. ಲೂಥರನು ಬಿಟ್ಟು ಬಂದ ಮಠದ ಬಾಗಿಲನ್ನು ಲೂಥರನ ಅನುಯಾಯಿಯೊಬ್ಬರು ಹೀಗೆ ಮತ್ತೆ ತಟ್ಟಿದರು.

1935ರ ಏಪ್ರಿಲ್ ಕೊನೆಯಲ್ಲಿ ಬಾಲ್ಟಿಕ್ ಕರಾವಳಿಯ ಝಿಂಗ್‌ಸ್ಟ್ ಎಂಬಲ್ಲಿ ಶಾಲೆ ಆರಂಭವಾಯಿತು. ಜೂನ್ ತಿಂಗಳಲ್ಲಿ ಅದು ಸ್ಟೆಟಿನ್ ನಗರದ ಸಮೀಪದ ಫಿಂಕೆನ್‌ವಾಲ್ಡೆಗೆ ಸ್ಥಳಾಂತರಗೊಂಡಿತು. ಬೆಳಗ್ಗೆಯೂ ಸಂಜೆಯೂ ಎಲ್ಲರೂ ಕೂಡಿ ಕೀರ್ತನೆಗಳನ್ನು ಪಠಿಸಿ, ಎರಡೂ ಒಡಂಬಡಿಕೆಗಳಿಂದ ಓದಿ, ಹಾಡಿ ಪ್ರಾರ್ಥಿಸುತ್ತಿದ್ದರು. ಅನಂತರ ಪ್ರತಿಯೊಬ್ಬನೂ ಒಂದೇ ಚಿಕ್ಕ ವಾಕ್ಯಭಾಗವನ್ನು ವಾರವಿಡೀ ದಿನಕ್ಕೆ ಅರ್ಧ ಗಂಟೆ ಮೌನವಾಗಿ ಧ್ಯಾನಿಸಬೇಕಾಗಿತ್ತು. ಸಹೋದರನೊಬ್ಬನ ಕುರಿತು ಅವನ ಬೆನ್ನ ಹಿಂದೆ ಮಾತನಾಡಬಾರದು. ಮಾತನಾಡಿದ್ದರೆ ಅವನಿಗೇ ಅದನ್ನು ತಿಳಿಸಬೇಕು ಎಂಬುದು ಮನೆಯ ನಿಯಮ. ಕರ್ತನ ಭೋಜನಕ್ಕೆ ಮುಂಚೆ ಪರಸ್ಪರ ಕ್ಷಮೆ ಬೇಡುವಂತೆಯೂ, ಇಚ್ಛಿಸಿದವರು ಸಹೋದರನ ಮುಂದೆ ಪಾಪದ ಅರಿಕೆ ಮಾಡಿಕೊಳ್ಳುವಂತೆಯೂ ಅವರು ಬೋಧಿಸಿದರು. ಆರಂಭದ ದಿನಗಳಲ್ಲಿ ಒಮ್ಮೆ ಅಡುಗೆಮನೆಯಿಂದ ಸಹಾಯಕ್ಕಾಗಿ ಕರೆ ಬಂದಾಗ ಯಾರೂ ಏಳಲಿಲ್ಲ. ಬಾನ್‌ಹಾಫರ್ ತಾವೇ ಎದ್ದುಹೋಗಿ ಪಾತ್ರೆ ತೊಳೆಯಲು ನಿಂತರು. ನಾಚಿ ಹಿಂದೆ ಓಡಿಬಂದವರನ್ನು ಒಳಗೆ ಬಿಡಲಿಲ್ಲ. ಆ ಕುರಿತು ಅವರು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇದೆಲ್ಲವೂ ಸುಲಭವಾಗಿ ನಡೆಯಿತೆಂದು ಭಾವಿಸಬಾರದು. ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದಿದ್ದ ಆ ಯುವಕರಿಗೆ ಮೌನಧ್ಯಾನವು ಹೊರೆಯಾಯಿತು. ಕೆಲವರಿಗೆ ಆ ಹೊತ್ತಿನಲ್ಲಿ ನಿದ್ದೆ ಬರುತ್ತಿತ್ತು, ಕೆಲವರ ಮನಸ್ಸು ಎಲ್ಲೆಲ್ಲೋ ಅಲೆಯುತ್ತಿತ್ತು. ಬಾನ್‌ಹಾಫರ್ ನಿಯಮವನ್ನು ಸಡಿಲಿಸಲಿಲ್ಲ. ಆದರೆ ವಾರಕ್ಕೊಮ್ಮೆ ಎಲ್ಲರೂ ಕೂಡಿ ಧ್ಯಾನಿಸುವ ಏರ್ಪಾಡು ಮಾಡಿ ಎಡವುವವರಿಗೆ ಕೈಹಿಡಿದರು. ಹೊರಗಿನವರಿಗೂ ಸಂಶಯವಿತ್ತು. ಬಾರ್ಮೆನ್ ಘೋಷಣೆಯ ಪ್ರಧಾನ ಕರ್ತೃವಾದ ಕಾರ್ಲ್ ಬಾರ್ಟರೇ 1936ರಲ್ಲಿ ಪತ್ರ ಬರೆದು, ಈ ಪ್ರಯತ್ನದಲ್ಲಿ ಮಠದ ವಾಸನೆಯಿದೆಯೆಂದು ತಮ್ಮ ಆತಂಕವನ್ನು ತೋಡಿಕೊಂಡರು. ಕೃಪೆಯಿಂದಲೇ ನೀತಿವಂತರಾಗುವೆವೆಂದು ಸಾರುವ ಸಭೆಗೆ ಈ ಪ್ರಶ್ನೆಯು ಹಗುರವಾದುದಲ್ಲ.

ಆ ಪ್ರಶ್ನೆಗೆ ಉತ್ತರವು ಸಮುದಾಯದ ಉದ್ದೇಶದಲ್ಲಿದೆ. 1935ರ ಶರತ್ಕಾಲದಲ್ಲಿ ತರಬೇತಿ ಮುಗಿಸಿದ ಕೆಲವರೊಡನೆ ‘ಸಹೋದರರ ಮನೆ’ಯನ್ನು ಸ್ಥಾಪಿಸುವಾಗ, ಅದರ ಗುರಿಯು ಲೋಕದಿಂದ ಅಡಗಿಕೊಳ್ಳುವುದಲ್ಲ, ಹೊರಗಿನ ಸೇವೆಗಾಗಿ ಒಳಗೆ ಏಕಾಗ್ರರಾಗುವುದೆಂದು ಬಾನ್‌ಹಾಫರ್ ಸ್ಪಷ್ಟಪಡಿಸಿದ್ದರು. ಅಲ್ಲಿ ಜೀವನಪರ್ಯಂತದ ಪ್ರತಿಜ್ಞೆಗಳಿರಲಿಲ್ಲ. ಅಗತ್ಯಬಿದ್ದಲ್ಲಿಗೆ ಹೊರಡಲು ಸಿದ್ಧರಾಗಿರುವುದೇ ಅಲ್ಲಿನ ಕಟ್ಟಳೆ. ಮಠದ ಶಿಸ್ತು ಹಳೆಯದು. ಆ ಶಿಸ್ತನ್ನು ಹೊತ್ತು ಸಭೆಗಳ ನಡುವೆ ಹೋಗುವ ಸಮುದಾಯವು ಹೊಸದು.

ಪರೀಕ್ಷೆಯು ಬೇಗನೆ ಬಂತು. 1937ರ ಆಗಸ್ಟಿನಲ್ಲಿ ಹಿಮ್ಲರನ ಆಜ್ಞೆಯು ಅರಿಕೆಯ ಸಭೆಯ ತರಬೇತಿಯನ್ನು ಕಾನೂನುಬಾಹಿರವೆಂದು ಸಾರಿತು. ಸೆಪ್ಟೆಂಬರ್ ಕೊನೆಯಲ್ಲಿ ಗೆಸ್ಟಾಪೊ ಪೊಲೀಸರು ಮನೆಗೆ ಬೀಗಮುದ್ರೆ ಹಾಕಿದರು. ಆದರೆ ಸಹಜೀವನವು ಕಟ್ಟಡದೊಡನೆ ಮುಗಿಯಲಿಲ್ಲ. ಪೊಮೆರೇನಿಯಾದ ಹಳ್ಳಿಪಟ್ಟಣಗಳಲ್ಲಿ ಅಭ್ಯರ್ಥಿಗಳು ಸಹಾಯಕ ಪಾಲಕರೆಂಬ ಹೆಸರಿನಲ್ಲಿ ನೆಲೆಸಿ, ಚಿಕ್ಕ ಗುಂಪುಗಳಾಗಿ 1940ರವರೆಗೂ ಅದೇ ಕ್ರಮವನ್ನು ಪಾಲಿಸಿದರು. ಚದರಿದವರಿಗೆ ಬಾನ್‌ಹಾಫರ್ ಸುತ್ತೋಲೆಗಳನ್ನು ಕಳುಹಿಸುತ್ತ, ಪ್ರಾರ್ಥನೆಯಲ್ಲೂ ಧ್ಯಾನದಲ್ಲೂ ಅವರನ್ನು ಒಂದಾಗಿ ಇರಿಸಿದರು. ಎಲ್ಲರೂ ಕೊನೆಯವರೆಗೆ ನಿಲ್ಲಲಿಲ್ಲ: ಕೆಲವರು ಸೆರೆಮನೆ ಕಂಡರು, ಕೆಲವರು ಒತ್ತಡಕ್ಕೆ ಬಾಗಿ ಅಧಿಕೃತ ಸಭೆಯ ಮಾನ್ಯತೆ ಪಡೆದರು, ಹಲವರು ಯುದ್ಧಭೂಮಿಯಲ್ಲಿ ಅಳಿದರು. ಬಾನ್‌ಹಾಫರ್ 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿದರು. ಆ ಮನೆಯ ಅನುಭವದಿಂದ ಹುಟ್ಟಿ 1939ರಲ್ಲಿ ಪ್ರಕಟವಾದ ‘ಸಹಜೀವನ’ ಎಂಬ ಚಿಕ್ಕ ಗ್ರಂಥವು ಮಾತ್ರ ಇಂದಿಗೂ ಓದಲ್ಪಡುತ್ತಿದೆ. ಸಮುದಾಯದ ಕುರಿತಾದ ನಮ್ಮ ಸ್ವಂತ ಕನಸನ್ನು ಸಹೋದರರ ಮೇಲೆ ಹೊರಿಸುವವನು ಆ ಸಮುದಾಯವನ್ನೇ ಕೆಡಿಸುತ್ತಾನೆಂಬ ಎಚ್ಚರಿಕೆಯೂ ಅದರಲ್ಲಿದೆ. ಕ್ರೈಸ್ತ ಅನ್ಯೋನ್ಯತೆಯು ನಾವು ಸಾಧಿಸಬೇಕಾದ ಆದರ್ಶವಲ್ಲ, ಕ್ರಿಸ್ತನಲ್ಲಿ ಈಗಾಗಲೇ ಕೊಡಲ್ಪಟ್ಟ ವರವೆಂಬುದು ಅದರ ತಿರುಳು. ಬಾರ್ಟರ ಆತಂಕಕ್ಕೆ ಇದಕ್ಕಿಂತ ನೇರವಾದ ಸಮಾಧಾನವು ಬೇರೊಂದಿಲ್ಲ.

ನಮ್ಮ ದೇವಜ್ಞಾನ ಶಾಲೆಗಳಲ್ಲಿಯೂ ಪ್ರಾರ್ಥನಾಲಯವಿದೆ, ಒಟ್ಟಿಗೆ ಉಣ್ಣುವ ಭೋಜನಶಾಲೆಯಿದೆ, ತೊಳೆಯಬೇಕಾದ ಪಾತ್ರೆಗಳಿವೆ. ಇವುಗಳನ್ನು ಪಾಠಪ್ರವಚನಗಳ ನಡುವಣ ಬಿಡುವೆಂದು ಎಣಿಸುವೆವೋ, ಪಾಲಕನನ್ನು ರೂಪಿಸುವ ಸಾಧನಗಳೆಂದು ಎಣಿಸುವೆವೋ ಎಂಬುದರ ಮೇಲೆ ನಮ್ಮ ತರಬೇತಿಯ ಫಲವು ನಿಂತಿದೆ. ಪದವಿ ಪಡೆದು ದೂರದ ಸಭೆಗೆ ಹೋದ ಸಹೋದರನು ಅಲ್ಲಿ ಒಂಟಿಯಾಗಿರುವಾಗ ಅವನಿಗಾಗಿ ಪ್ರತಿನಿತ್ಯ ಪ್ರಾರ್ಥಿಸಿ, ತಿಂಗಳಿಗೊಮ್ಮೆಯಾದರೂ ಪತ್ರ ಬರೆಯುವವರು ಯಾರು? ಫಿಂಕೆನ್‌ವಾಲ್ಡೆಯು ನಮ್ಮ ಮುಂದಿಡುವ ಪ್ರಶ್ನೆಯಿದು. ಇದಕ್ಕೆ ಉತ್ತರಿಸಲು ದೊಡ್ಡ ಯೋಜನೆಯಾಗಲಿ ಹಣವಾಗಲಿ ಬೇಡ. ಇಬ್ಬರು ಮೂವರು ಒಡಂಬಟ್ಟರೆ ಸಾಕು.