ಮಂದ ಎಣ್ಣೆಯ ಮೇಲಿನ ನಂಬಿಕೆ

ಸಾಲ್ಟ್ ಲೇಕಿನಲ್ಲಿ ದಾರಿ ಹೇಳುವವರು ರಸ್ತೆಯ ಹೆಸರಿಗಿಂತ ನೀರಿನ ಟ್ಯಾಂಕಿನ ನಂಬರನ್ನೇ ಹೆಚ್ಚು ನಂಬುತ್ತಾರೆ. ಹಾಗೆ ಒಂದು ಟ್ಯಾಂಕಿನ ಗುರುತು ಹಿಡಿದು ಹೋದ ಗ್ಯಾರೇಜಿನಲ್ಲಿ ಮಿಸ್ತ್ರಿ ನನ್ನ ಕಾರಿನ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಮೊಬಿಲ್ ಪಾಲ್ಟಾತೇ ಹೊಬೇ" ಅಂದ. ಎಣ್ಣೆ ಬದಲಿಸಬೇಕು ಎಂದು ಅರ್ಥ. ಬಂಗಾಳದಲ್ಲಿ ಎಂಜಿನ್ ಆಯಿಲ್ ಯಾವ ಕಂಪನಿಯದಾದರೂ ಮೊಬಿಲ್ಲೇ, ನಮ್ಮಲ್ಲಿ ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ. ಆಮೇಲೆ ಅವನು ಕಪಾಟಿನಿಂದ ಇಳಿಸಿದ್ದು 20ಡಬ್ಲ್ಯೂ-40ರ ಡಬ್ಬಿ. ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು, ಅದರ ಕೈಪಿಡಿ ಕೇಳುವುದು 5ಡಬ್ಲ್ಯೂ-30. ಹೇಳಿದೆ. ಅವನಿಗೆ ನಗು ಬಂತು. "ಅದು ನೀರು, ದಾದಾ. ಈ ಸೆಕೆಗೆ ಮಂದ ಎಣ್ಣೆಯೇ ಬೇಕು."

ಅವನ ಮಾತು ದಡ್ಡತನದ್ದಲ್ಲ. ಅದಕ್ಕೆ ಅರ್ಧ ಶತಮಾನದ ಅನುಭವದ ಬೆಂಬಲವಿದೆ, ಆ ಅನುಭವದ ಹೆಸರು ಅಂಬಾಸಡರ್. ಹೂಗ್ಲಿಯ ಆಚೆ ದಡದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಿಂದ 2014ರ ಮೇ ತನಕ ಈ ಕಾರನ್ನು ತಯಾರಿಸಿತು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಮಾರಿಸ್ ಕಾರುಗಳ ವಂಶದ್ದು. ಬಿಡಿಭಾಗಗಳ ನಡುವೆ ಧಾರಾಳ ಸಂದು, ಸೀಲುಗಳಲ್ಲಿ ಒಸರು, ಲಕ್ಷ ಕಿಲೋಮೀಟರ್ ದಾಟಿದ ಟ್ಯಾಕ್ಸಿಯಾದರೆ ಎಣ್ಣೆ ಕುಡಿಯುವ ಚಾಳಿ. ಮಂದ ಎಣ್ಣೆ ಹಾಕಿದರೆ ಸೋರುವುದು ಕಡಿಮೆ, ಗಲಗಲ ಸದ್ದೂ ಕಡಿಮೆ. ಹಳದಿ ಟ್ಯಾಕ್ಸಿಗಳ ನಗರದಲ್ಲಿ ಕೆಲಸ ಕಲಿತವನಿಗೆ ಮಂದವೆಂದರೆ ಭದ್ರ.

ಡಬ್ಬಿಯ ಮೇಲಿನ ಅಂಕೆಗಳು ಹೇಳುವುದು ಇಷ್ಟೇ: ಡಬ್ಲ್ಯೂ ಎಂದರೆ ವಿಂಟರ್, ಅದರ ಹಿಂದಿನ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು, ಕೊನೆಯ ಅಂಕೆ 100 ಡಿಗ್ರಿ ಕಾವಿನಲ್ಲಿ ಎಷ್ಟು ಮಂದ ಉಳಿಯುತ್ತದೆ ಎಂಬುದು. ಅಂಬಾಸಡರ್ ಕಾಲದ ಮಿಸ್ತ್ರಿಗೆ ಇದಕ್ಕಿಂತ ಹೆಚ್ಚು ತಿಳಿಯುವ ಅಗತ್ಯವೇ ಇರಲಿಲ್ಲ.

ಲೆಕ್ಕ ತಪ್ಪಿಸಿದ್ದು ಟರ್ಬೊ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಬಂಗಾಳಕ್ಕೆ ಟರ್ಬೊ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಕಾರಿನಲ್ಲಲ್ಲ, ಬಾಂಬರ್ ವಿಮಾನದಲ್ಲಿ. 1944ರಲ್ಲಿ ಅಮೆರಿಕದ ಬಿ-29 ವಿಮಾನಗಳು ಖರಗ್‌ಪುರದ ಸುತ್ತಲಿನ ನೆಲೆಗಳಿಗೆ ಬಂದಿಳಿದವು. ಒಂದೊಂದು ಎಂಜಿನ್ನಿಗೆ ಎರಡರಂತೆ ಒಂದು ವಿಮಾನಕ್ಕೆ ಎಂಟು ಟರ್ಬೊ. ನಮ್ಮ ಬೇಸಿಗೆಯಲ್ಲಿ ಆ ಎಂಜಿನ್‌ಗಳು ಕಾದು ಕೆಂಡವಾಗಿ ಮೆಕ್ಯಾನಿಕ್ಕುಗಳ ಪ್ರಾಣ ಹಿಂಡಿದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಉಳಿದುಹೋಗಿದ್ದ ಬಿ-24 ಲಿಬರೇಟರ್‌ಗಳನ್ನು 1948ರಲ್ಲಿ ಬೆಂಗಳೂರಿಗೆ ಹಾರಿಸಿ ತಂದು ಸರಿಮಾಡಿದ್ದು ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಅವೂ ಟರ್ಬೊ ಇದ್ದವೇ. ಹಾಗಾಗಿ ಟರ್ಬೊ ಬಿಚ್ಚಿ ಜೋಡಿಸುವ ಕೆಲಸದಲ್ಲಿ ಬೆಂಗಳೂರಿನವರಿಗೆ ಕಾರಿನವರಿಗಿಂತ ಹಳೆಯ ಅನುಭವವಿದೆ.

ಕಾರಿಗೆ ಅದು ಬಂದದ್ದು 1962ರಲ್ಲಿ. ಅದೇ ವರ್ಷ ಇಲ್ಲಿ ಬಿಧಾನ್ ಚಂದ್ರ ರಾಯ್ ಅವರ ಯೋಜನೆಯಂತೆ ಹೂಗ್ಲಿಯ ಹೂಳನ್ನು ಕೊಳವೆಯಲ್ಲಿ ಹರಿಸಿ ಉಪ್ಪು ಜೌಗನ್ನು ತುಂಬಿಸುವ ಕೆಲಸ ಶುರುವಾಗಿತ್ತು. ನಾನು ನಿಂತಿದ್ದ ಗ್ಯಾರೇಜಿನ ನೆಲವೂ ಆ ಹೂಳೇ. ಅತ್ತ ಅಮೆರಿಕದಲ್ಲಿ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಹೊರಬಂತು. ಎಂಜಿನ್ ತಣಿಸಲು ಮೆಥನಾಲ್ ಬೆರೆಸಿದ ನೀರನ್ನು ಬೇರೆ ಟ್ಯಾಂಕಿನಲ್ಲಿ ತುಂಬಿಸಬೇಕಿತ್ತು. ಕೊಂಡವರು ಮರೆತರು. ಕೊನೆಗೆ ಕಂಪನಿಯೇ ಅನೇಕ ಕಾರುಗಳಿಂದ ಟರ್ಬೊ ತೆಗೆದು ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟಿತು.

ಜೆಟ್‌ಫೈರ್ ಸೋತರೂ ಟರ್ಬೊ ಸೋಲಲಿಲ್ಲ. 1978ರ ಸಾಬ್ 99 ಟರ್ಬೊ ಅದನ್ನು ದಿನಬಳಕೆಯ ಕಾರಿಗೆ ಒಗ್ಗಿಸಿತು. ಆಗ ಮುಂದೆ ಬಂದದ್ದು ಎಣ್ಣೆಯ ಪ್ರಶ್ನೆ. ಟರ್ಬೊದ ಕಡ್ಡಿಯಂಥ ಶಾಫ್ಟು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಅದು ನಿಂತಿರುವುದು ಎಣ್ಣೆಯ ತೆಳು ಪದರದ ಮೇಲೆ. ಒಂದು ಬದಿಯಲ್ಲಿ 900 ಡಿಗ್ರಿ ಮೀರಬಲ್ಲ ಹೊಗೆ. ಜೋರಾಗಿ ಓಡಿಸಿ ಬಂದು ತಟ್ಟನೆ ಕೀಲಿ ತಿರುಗಿಸಿ ಆಫ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಕಾವು ನಿಲ್ಲುವುದಿಲ್ಲ. ಒಳಗೆ ಉಳಿದ ಎಣ್ಣೆ ಬೆಲ್ಲದ ಪಾಕದ ಹಾಗೆ ತಳ ಹಿಡಿದು ಕರಿ ಹೊಪ್ಪಳೆಯಾಗುತ್ತದೆ. ಮುಂದಿನ ಸಲ ಎಣ್ಣೆ ಹೋಗುವ ದಾರಿಯೇ ಕಿರಿದಾಗಿರುತ್ತದೆ. ಟರ್ಬೊ ಸಾಯುವುದು ಹೀಗೆ, ಸದ್ದಿಲ್ಲದೆ. ನನ್ನ ಹಿಂದಿನ ಕಾರು ಹೀಗೇ ಹೋಯಿತು, ಎಣ್ಣೆ ಬದಲಿಸುವುದನ್ನು ಎರಡು ಸಲ ಮುಂದೂಡಿದ್ದು ನಾನೇ. ಈಗಿನ ಟರ್ಬೊಗಳನ್ನು ನೀರಿನಿಂದಲೂ ತಣಿಸುತ್ತಾರೆ, ಆದರೂ ಕಾವು ಕಾವೇ.

ತಳ ಹಿಡಿಯುವ ಈ ಕಥೆ ಟರ್ಬೊಗಿಂತ ಹಳೆಯದು. ಮೊದಲ ಮಹಾಯುದ್ಧದ ವಿಮಾನಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರೇ ಕ್ಯಾಸ್ಟರ್‌ನಿಂದ ಹುಟ್ಟಿದ್ದು. ನಮ್ಮಜ್ಜಿ ಹೊಟ್ಟೆ ತೊಳೆಸಲು ಕುಡಿಸುತ್ತಿದ್ದ ಅದೇ ಎಣ್ಣೆ, ಅದರ ಹೊಗೆ ಕುಡಿದ ಪೈಲಟ್‌ಗಳ ಪಾಡು ಊಹಿಸಿಕೊಳ್ಳಬಹುದು. ಕಾವಿನಲ್ಲೂ ಅದರ ಜಿಡ್ಡು ಬಿಡುತ್ತಿರಲಿಲ್ಲ, ಆದರೆ ಹಿಂದೆ ಅಂಟಿನಂಥ ಪದರ ಉಳಿಸಿಹೋಗುತ್ತಿತ್ತು. ಮಂದವಾಗಿರುವುದೂ ಕಾವು ತಾಳಿ ಶುಭ್ರವಾಗಿ ಉಳಿಯುವುದೂ ಬೇರೆಬೇರೆ ಗುಣಗಳೆಂದು ಆಗಲೇ ಗೊತ್ತಿತ್ತು. ನನ್ನ ಮಿಸ್ತ್ರಿ ಬೆರಳಲ್ಲಿ ಅಳೆದದ್ದು ಮೊದಲನೆಯದನ್ನು ಮಾತ್ರ.

ಕೋಲ್ಕತಾದಲ್ಲಿ ಚಳಿಯೇ ಇಲ್ಲವಲ್ಲ, 5ಡಬ್ಲ್ಯೂ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊಗೆ ಬೇಗ ಎಣ್ಣೆ ತಲುಪುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, 5ಡಬ್ಲ್ಯೂ ಆಗಬೇಕಾದರೆ ಮೂಲ ಎಣ್ಣೆಯೇ ಮೇಲ್ದರ್ಜೆಯದಾಗಿರಬೇಕು, ಹೆಚ್ಚಾಗಿ ಸಿಂಥೆಟಿಕ್. ತಳ ಹಿಡಿಯುವುದು ಕಡಿಮೆ.

ಇನ್ನೊಂದು ಕಾಟ ತೀರಾ ಹೊಸದು. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ, ನಿಧಾನವಾಗಿ ಹೋಗುತ್ತಿದ್ದವರು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದಾಗ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆದ ಪ್ರಸಂಗಗಳು ನಡೆದವು. ಹುಡುಕಿದಾಗ ಒಂದು ಕಾರಣ ಎಣ್ಣೆಯಲ್ಲೇ ಸಿಕ್ಕಿತು: ಕೊಳೆ ತೊಳೆಯಲು ಬೆರೆಸುವ ಕ್ಯಾಲ್ಸಿಯಂ ಸಂಯುಕ್ತ. ಅದರ ಪಾಲು ತಗ್ಗಿಸಿ ಮೆಗ್ನೀಸಿಯಂ ಸೇರಿಸಿದರು. ಅಮೆರಿಕದ ಎಪಿಐ ಸಂಸ್ಥೆ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ದರ್ಜೆಗಳನ್ನು ತಂದದ್ದು ಮುಖ್ಯವಾಗಿ ಇಂಥ ಎಂಜಿನ್‌ಗಳಿಗಾಗಿ. ಬಿಎಸ್6 ಡೀಸೆಲ್ ಟರ್ಬೊ ಇರುವವರು ನೋಡಬೇಕಾದದ್ದು ಬೇರೆ: ಹೊಗೆಕೊಳವೆಯ ಮಸಿ ಸೋಸುವ ಫಿಲ್ಟರ್ ಕಟ್ಟಿಕೊಳ್ಳದಂತೆ ಬೂದಿ ಕಡಿಮೆ ಬಿಡುವ ಎಣ್ಣೆ, ಡಬ್ಬಿಯ ಮೇಲೆ ಎಸಿಇಎ ಸಿ2, ಸಿ3 ಎಂದಿರುವಂಥದು. ಯಾವುದೆಂದು ಕೈಪಿಡಿ ಹೇಳುತ್ತದೆ.

ಬ್ರಾಂಡಿನ ಬಗ್ಗೆ ನನಗೆ ಹಟವಿಲ್ಲ. ಫೋರ್ಡ್ ಮಾಡೆಲ್ ಟಿ ಕಾಲದ ಅಮೆರಿಕನ್ ಹೆಸರಾದ ವೀಡಾಲ್ ಅನ್ನು 2011ರಲ್ಲಿ ಕೊಂಡದ್ದು ಕೋಲ್ಕತಾದ್ದೇ ಕಂಪನಿ, ಟೈಡ್ ವಾಟರ್ ಆಯಿಲ್. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳು ಸರಿಯಿದ್ದರೆ ಯಾರದಾದರೂ ಆದೀತು. ಅವಧಿಯ ವಿಷಯದಲ್ಲಿ ಮಾತ್ರ ಹಟವಿದೆ. ಮನೆಯಿಂದ ಸೆಕ್ಟರ್ ಐದರ ಆಫೀಸಿಗೆ ನಾಲ್ಕು ಕಿಲೋಮೀಟರ್, ಎಣ್ಣೆ ಸರಿಯಾಗಿ ಕಾಯುವ ಮೊದಲೇ ಕಾರು ನಿಂತಿರುತ್ತದೆ. ಉರಿಯದ ಪೆಟ್ರೋಲೂ ತೇವವೂ ಎಣ್ಣೆಯಲ್ಲೇ ಉಳಿಯುತ್ತವೆ. ಕೈಪಿಡಿ ಇದನ್ನು ಕಠಿಣ ಬಳಕೆ ಎಂದು ಕರೆದು ಅರ್ಧ ಅವಧಿಗೇ ಬದಲಿಸಿ ಅನ್ನುತ್ತದೆ. ಮೀಟರ್ ನೋಡಿದರೆ ಕಾರು ಓಡಿಯೇ ಇಲ್ಲ ಅನ್ನಿಸುತ್ತದೆ, ನಾನು ಮೋಸ ಹೋದದ್ದೂ ಅಲ್ಲೇ.

ಮರುದಿನ ನಾನೇ ಎಸ್‌ಪಿ ದರ್ಜೆಯ 5ಡಬ್ಲ್ಯೂ-30 ಕೊಂಡುಕೊಂಡು ಹೋದೆ. ಮಿಸ್ತ್ರಿ ಸುರಿದ, ಸುರಿಯುವಾಗ ಮತ್ತೆ ಬೆರಳಿಗೆ ಹಚ್ಚಿ ನೋಡಿದ, ಏನೂ ಹೇಳಲಿಲ್ಲ. ಮೊನ್ನೆ ದುರ್ಗಾಪುರದಿಂದ ಹೆದ್ದಾರಿಯಲ್ಲಿ ಬಿಡದೆ ಓಡಿಸಿಕೊಂಡು ಬಂದು, ಮನೆಯ ಗೇಟಿನ ಒಳಗೆ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಕೂತಿದ್ದೆ. ವಾಚ್‌ಮನ್ ಬಂದು ಕಿಟಕಿಯ ಗಾಜಿನ ಮೇಲೆ ತಟ್ಟಿ, ಬಾಗಿಲು ಸಿಕ್ಕಿಕೊಂಡಿದೆಯಾ ದಾದಾ, ಎಂದು ಕೇಳಿದ.